ಭೂಸ್ಥಿರ ಉಪಗ್ರಹದ ಇಂಟರ್ನೆಟ್: ತಡ ಹೌದು, ನಿಧಾನವಲ್ಲ

ಉಪಗ್ರಹದ ಇಂಟರ್ನೆಟ್ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಎರಡೇ ಬಗೆ. ಒಂದು ಮಾರುವವರು ಬರೆಸಿದ್ದು, ಇನ್ನೊಂದು ಆನ್‌ಲೈನ್ ಆಟ ಆಡಲು ಹೋಗಿ ಸಿಟ್ಟಿಗೆದ್ದವರು ಬರೆದದ್ದು. ಸಂಪರ್ಕ ಪಡೆಯುವ ಮೊದಲು ಎರಡನ್ನೂ ಸಾಕಷ್ಟು ಓದಿದೆ. ನನಗೆ ಬೇಕಿದ್ದ ಒಂದು ಮಾತೂ ಅವುಗಳಲ್ಲಿ ಸಿಗಲಿಲ್ಲ. ಹಾಗಾಗಿ ನನ್ನ ಪಾಡಿಗೆ ನಾನೇ ಬರೆಯುತ್ತಿದ್ದೇನೆ.

ನಾನು ಪಠ್ಯಪುಸ್ತಕಗಳ ಕರಡು ತಿದ್ದುವವಳು. ಬೆಳಿಗ್ಗೆ ಚಿತ್ರಗಳು ತುಂಬಿದ ಭಾರದ ಪಿಡಿಎಫ್ ಕಡತಗಳು ಬರುತ್ತವೆ, ಸಂಜೆ ತಿದ್ದಿ ವಾಪಸ್ ಕಳಿಸುತ್ತೇನೆ. ನಡುವೆ ಅಕ್ಕನ ಜೊತೆ ಒಂದಿಷ್ಟು ಮಾತು, ರಾತ್ರಿ ಒಂದಿಷ್ಟು ವಿಡಿಯೊ. ಮನೆ ಗುಡ್ಡದ ಇಳಿಜಾರಿನಲ್ಲಿದೆ. ಕೇಬಲ್ ಇಲ್ಲಿಯವರೆಗೆ ಬಂದಿಲ್ಲ, ಮೊಬೈಲ್ ಗೋಪುರ ಗುಡ್ಡದ ಆ ಬದಿಗಿದೆ. ಉಳಿದದ್ದು ಆಕಾಶ. ಅದೂ ಪೂರ್ತಿ ಆಕಾಶವಲ್ಲ: ಮೂರು ಕಡೆ ಎತ್ತರದ ಮರಗಳು, ಹಿಂದೆ ಗುಡ್ಡ, ಒಂದೇ ಒಂದು ದಿಕ್ಕಿನಲ್ಲಿ ತೆರವು.

ಈ ತೆರವೇ ನನ್ನ ಆಯ್ಕೆಯನ್ನು ನಿರ್ಧರಿಸಿತು. ಈಗ ಎಲ್ಲರ ಬಾಯಲ್ಲೂ ಇರುವುದು ಕೆಳಕಕ್ಷೆಯ ಉಪಗ್ರಹಜಾಲ. 550 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಸಾವಿರಾರು ಉಪಗ್ರಹಗಳು ಓಡುತ್ತಿರುತ್ತವೆ, ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದು ಬರುತ್ತದೆ. ಸೊಗಸಾದ ವ್ಯವಸ್ಥೆ, ಅನುಮಾನವಿಲ್ಲ. ಆದರೆ ಅದಕ್ಕೆ ಅಗಲವಾದ ತೆರೆದ ಆಕಾಶ ಬೇಕು. ಆ ಸೇವೆ ಕೊಡುವವರ ಮೊಬೈಲ್ ಆ್ಯಪ್‌ನಲ್ಲಿ ಅಂಗಳದ ಆಕಾಶವನ್ನು ಪರೀಕ್ಷಿಸಿದಾಗ ತೆರೆಯ ಮುಕ್ಕಾಲು ಭಾಗ ಕೆಂಪಾಯಿತು. ಮರ ಕಡಿಸಬೇಕು ಅಥವಾ ಮರಗಳಿಗಿಂತ ಎತ್ತರದ ಕಂಬ ನಿಲ್ಲಿಸಬೇಕು. ಎರಡೂ ನನ್ನಿಂದಾಗದ ಕೆಲಸ. ಭೂಸ್ಥಿರ ಉಪಗ್ರಹಕ್ಕೆ ಈ ರಗಳೆಯೇ ಇಲ್ಲ. ಆಕಾಶದ ಒಂದು ಬಿಂದು ಕಂಡರೆ ಸಾಕು, ಅದು ಅಲ್ಲಿಂದ ಅಲ್ಲಾಡುವುದಿಲ್ಲ.

ಅಲ್ಲಾಡುವುದಿಲ್ಲ ಎಂಬುದು ನಮ್ಮ ಕಣ್ಣಿಗೆ ಮಾತ್ರ. ಸಮಭಾಜಕ ವೃತ್ತದ ನೇರ ಮೇಲೆ, 35,786 ಕಿ.ಮೀ. ಎತ್ತರದಲ್ಲಿ ಅದು ಸೆಕೆಂಡಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಪೂರ್ವಾಭಿಮುಖವಾಗಿ ಓಡುತ್ತಿರುತ್ತದೆ. ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ ಬೇಕು. ಭೂಮಿಗೂ ತನ್ನ ಸುತ್ತ ಒಮ್ಮೆ ತಿರುಗಲು ಅಷ್ಟೇ ಹೊತ್ತು. ಇಬ್ಬರ ಲೆಕ್ಕವೂ ಕೂಡಿ ಬರುವುದರಿಂದ ಡಿಶ್ಶನ್ನು ಒಮ್ಮೆ ತಿರುಗಿಸಿ ಬೋಲ್ಟ್ ಬಿಗಿದರೆ ಮುಗಿಯಿತು. ಮೋಟಾರು ಬೇಡ, ಬೆನ್ನಟ್ಟುವುದು ಬೇಡ. ಟಿವಿ ಡಿಶ್‌ಗಳು ಮನೆಮನೆಯ ತಾರಸಿಗೆ ಬಂದದ್ದು ಇದೇ ಕಾರಣಕ್ಕೆ.

ಇನ್ನು ಅಳವಡಿಕೆಯ ವಿಷಯ. ಸೇವೆಯ ಈ ಭಾಗಕ್ಕೆ ನನ್ನ ಪೂರ್ಣ ಅಂಕ, ಮತ್ತು ಆ ಅಂಕ ಕಂಪನಿಗಿಂತ ಅದು ಕಳಿಸಿದ ಹುಡುಗನಿಗೆ ಸಲ್ಲಬೇಕು. ಬಂದವನು ಮೊದಲು ಡಬ್ಬ ಬಿಚ್ಚಲಿಲ್ಲ. ಮೊಬೈಲಿನ ದಿಕ್ಸೂಚಿ ಹಿಡಿದು ಅಂಗಳದ ತುಂಬ ಅಡ್ಡಾಡಿ, ಗೋಡೆಯ ಒಂದು ಮೂಲೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ. ಗುರುತು ಹಾಕಿದ ಜಾಗದಲ್ಲಿ ನಿಂತು ನೋಡಿದರೆ ಎರಡು ಮರಗಳ ನಡುವಿನ ಸಂದು ಸರಿಯಾಗಿ ಎದುರಿಗಿತ್ತು. ಮುಕ್ಕಾಲು ಮೀಟರಿನ ಡಿಶ್ಶನ್ನು ಕೊಳವೆಗೆ ಸಿಕ್ಕಿಸಿದ ಮೇಲೆ ನನಗೆ ಅನುಮಾನ ಹುಟ್ಟಿತು. ಬೋಗುಣಿ ಹೆಚ್ಚುಕಡಿಮೆ ಲಂಬವಾಗಿ ನಿಂತು ನೇರ ಮರದ ಕಾಂಡವನ್ನು ನೋಡುತ್ತಿತ್ತು.

‘ಇದು ಮರ ನೋಡುತ್ತಿದೆಯಲ್ಲಪ್ಪ’ ಎಂದೆ.

‘ಮರವನ್ನಲ್ಲ ಮೇಡಂ, ಅದರ ತಲೆಯ ಮೇಲಿನ ಸಂದನ್ನು ನೋಡುತ್ತಿದೆ. ಇದು ಆಫ್‌ಸೆಟ್ ಡಿಶ್’ ಎಂದ. ಇಂಥ ಡಿಶ್ಶಿನ ಬೋಗುಣಿ ಪೂರ್ತಿ ಪರವಲಯದ ಒಂದು ತುಣುಕು ಮಾತ್ರ. ಸಿಗ್ನಲ್ ಮೇಲಿನಿಂದ ಓರೆಯಾಗಿ ಬಂದು ಕೆಳಗೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯಲೆಂದೇ ಇರುವ ಗ್ರಾಹಕಕ್ಕೆ ಬೀಳುತ್ತದೆ. ಡಿಶ್ ಮುಖ ಮಾಡಿದಂತೆ ಕಾಣುವ ದಿಕ್ಕಿಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ ಅದರ ನಿಜವಾದ ನೋಟವಿರುತ್ತದೆ. ನಂಬಿಕೆ ಬರಲೆಂದು ಅವನು, ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ಪ್ರಸಾರಕವನ್ನು ಇನ್ನೂ ಚಾಲೂ ಮಾಡದ ಹೊತ್ತಿನಲ್ಲಿ ಆ ಗ್ರಾಹಕದ ಮುಂದೆ ಅಂಗೈ ಹಿಡಿದ. ಮೀಟರಿನ ಅಂಕಿ ಒಮ್ಮೆಲೇ ಕುಸಿಯಿತು. ಕೈ ತೆಗೆದ, ಮೇಲೇರಿತು. ಪ್ರಸಾರಕ ಚಾಲೂ ಆದ ಮೇಲೆ ಮಾತ್ರ ಯಾರೂ ಡಿಶ್ಶಿನ ಮುಂದೆ ಕೈ, ತಲೆ ತರಬಾರದೆಂದು ಕಟ್ಟುನಿಟ್ಟಾಗಿ ಹೇಳಿದ.

ಅತ್ಯಂತ ತಾಳ್ಮೆ ಬೇಡಿದ್ದು ಕೊನೆಯ ಹೊಂದಿಕೆ. ಒಂದು ಡಿಗ್ರಿ ತಪ್ಪಿದರೆ ಆ ಎತ್ತರದಲ್ಲಿ ಗುರಿ 600 ಕಿ.ಮೀ.ಗಿಂತಲೂ ಆಚೆ ಹೋಗಿರುತ್ತದೆ. ಆ ಕಕ್ಷೆಯ ವೃತ್ತದಲ್ಲಿ ಉಪಗ್ರಹಗಳು ಎರಡು ಮೂರು ಡಿಗ್ರಿಗಳ ಅಂತರದಲ್ಲಿ, ಕೆಲವು ಕಡೆ ಇನ್ನೂ ಒತ್ತೊತ್ತಾಗಿ ಕುಳಿತಿರುವುದರಿಂದ, ನಮ್ಮ ಡಿಶ್ ಓರೆಯಾದರೆ ಪಕ್ಕದವರ ಉಪಗ್ರಹಕ್ಕೆ ನಮ್ಮ ಗದ್ದಲ ಕೇಳಿಸುತ್ತದೆ. ಹಾಗಾಗಿ ನಿಯಂತ್ರಣ ಕೇಂದ್ರದವರು ಹೊಂದಿಕೆ ಸರಿಯಿದೆ ಎಂದು ಒಪ್ಪುವವರೆಗೆ ಪ್ರಸಾರಕ್ಕೆ ಅನುಮತಿಯೇ ಸಿಗುವುದಿಲ್ಲ. ಹುಡುಗ ಬೋಲ್ಟನ್ನು ಕಾಲು ತಿರುವು ತಿರುಗಿಸುತ್ತಾನೆ, ಮೀಟರು ನೋಡುತ್ತಾನೆ, ಇನ್ನೊಂದು ಬದಿಯ ಬೋಲ್ಟನ್ನು ಅಷ್ಟೇ ತಿರುಗಿಸುತ್ತಾನೆ. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ಆ ಬಿಗಿತಕ್ಕೇ ಡಿಶ್ ಸರಿದುಬಿಡುತ್ತದಂತೆ. ಕೊಳವೆ ನೆಟ್ಟಗಿದೆಯೇ ಎಂದು ರಸಮಟ್ಟ ಇಟ್ಟು ಎರಡು ಬದಿಯಿಂದ ನೋಡಿದ. ನಿಮ್ಮ ಮನೆಗೆ ಬಂದವನು ರಸಮಟ್ಟ ತಂದಿಲ್ಲದಿದ್ದರೆ ಅವನನ್ನು ವಾಪಸ್ ಕಳಿಸಿ ಎಂಬುದು ನನ್ನ ಸಲಹೆ.

ಈಗ ಮುಖ್ಯ ದೂರಿಗೆ ಬರೋಣ. ಎಲ್ಲರೂ ದೂರುವುದು ವಿಳಂಬವನ್ನು. ಅದು ನಿಜ, ಆದರೆ ಅದನ್ನು ವೇಗದ ಜೊತೆ ಕಲಸಬಾರದು. ನನ್ನ ಸಂಪರ್ಕದಲ್ಲಿ ಭಾರದ ಪುಸ್ತಕದ ಕಡತ ಇಳಿಯಲು ಶುರುವಾದ ಮೇಲೆ ಯಾವ ಕೇಬಲ್ಲಿಗೂ ಕಡಿಮೆಯಿಲ್ಲದಷ್ಟು ಚೆನ್ನಾಗಿ ಇಳಿಯುತ್ತದೆ. ಶುರುವಾಗುವುದಕ್ಕೆ ಮಾತ್ರ ಕಾಯಬೇಕು. ಒಂದು ಪುಟ ಬೇಕೆಂದು ನಾನು ಕೇಳಿದ ಕೋರಿಕೆ ಮೇಲೆ ಉಪಗ್ರಹಕ್ಕೆ, ಅಲ್ಲಿಂದ ಕೆಳಗೆ, ಇಂಟರ್ನೆಟ್ಟಿಗೆ ಜೋಡಿಸಿರುವ ಕಂಪನಿಯ ಭೂನಿಲ್ದಾಣಕ್ಕೆ ಹೋಗಬೇಕು. ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಅಂದರೆ ನಾಲ್ಕು ಬಾರಿ ಆ ದೂರ, ಕಡಿಮೆಯೆಂದರೂ 1,43,000 ಕಿ.ಮೀ. ಬೆಳಕಿನ ವೇಗದಲ್ಲಿ ಹೋದರೂ ಇದಕ್ಕೆ 480 ಮಿಲಿಸೆಕೆಂಡ್ ಹತ್ತಿರ ಬೇಕು. ಉಪಗ್ರಹ ದಿಗಂತದ ಕಡೆಗೆ ವಾಲಿದ್ದಷ್ಟೂ ದೂರ ಹೆಚ್ಚು, ಕಾಯುವಿಕೆಯೂ ಹೆಚ್ಚು. ಯಂತ್ರಗಳ ಕೆಲಸದ ಹೊತ್ತನ್ನೂ ಸೇರಿಸಿದರೆ ನನ್ನ ಮೋಡೆಮ್ ತೋರಿಸುವುದು 600ರಿಂದ 700 ಮಿಲಿಸೆಕೆಂಡ್.

ಇದನ್ನು ಯಾವ ಕಂಪನಿಯೂ ಸರಿಪಡಿಸಲಾರದು. 1965ರಲ್ಲಿ ಮೇಲೇರಿದ ಅರ್ಲಿ ಬರ್ಡ್ ಉಪಗ್ರಹ ಏಕಕಾಲಕ್ಕೆ 240 ದೂರವಾಣಿ ಕರೆಗಳನ್ನೋ ಒಂದು ಟಿವಿ ವಾಹಿನಿಯನ್ನೋ ಹೊರುತ್ತಿತ್ತು. 2011ರ ವಯಾಸ್ಯಾಟ್-1 ಉಪಗ್ರಹದ ಸಾಮರ್ಥ್ಯ ಸೆಕೆಂಡಿಗೆ 140 ಗಿಗಾಬಿಟ್. ನೆಲದ ಬೇರೆ ಬೇರೆ ತುಂಡುಗಳಿಗೆ ಬೇರೆ ಬೇರೆ ಕಿರಿದಾದ ಕಿರಣಗಳನ್ನು ಹಾಯಿಸಿ, ಅದೇ ತರಂಗಾಂತರಗಳನ್ನು ಮತ್ತೆ ಮತ್ತೆ ಬಳಸಿ ಅಷ್ಟು ಸಾಮರ್ಥ್ಯ ಗಳಿಸಿದರು. ಆದರೆ ಕಾಯುವ ಹೊತ್ತು ಅರ್ಲಿ ಬರ್ಡ್ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಆದ್ದರಿಂದ ವಿಳಂಬಕ್ಕೆಂದು ಅಂಕ ಕಳೆಯುವುದು ನನಗೆ ಅನ್ಯಾಯವೆನಿಸುತ್ತದೆ. ‘ಮಿಂಚಿನ ವೇಗ’ ಎಂದು ಜಾಹೀರಾತು ಕೊಟ್ಟು ಈ ಮಾತನ್ನು ಎಲ್ಲಿಯೂ ಹೇಳದೆ ಇರುವುದಕ್ಕೆ ಮಾತ್ರ ಧಾರಾಳವಾಗಿ ಕಳೆಯುತ್ತೇನೆ.

ದಿನಬಳಕೆಯಲ್ಲಿ ಇದು ಹೇಗೆ ಕಾಣುತ್ತದೆ? ಹೊಸ ಜಾಲತಾಣ ತೆರೆದಾಗ ಮೊದಲ ಅಕ್ಷರ ಕಾಣುವ ಮುನ್ನ ಎರಡೂವರೆ ಸೆಕೆಂಡಿನಷ್ಟು ಬಿಳಿ ಪುಟ. ವಿಳಾಸ ಹುಡುಕಲು ಒಂದು ಸುತ್ತು, ಸಂಪರ್ಕ ಬೆಸೆಯಲು ಒಂದು, ಗೂಢಲಿಪಿಯ ಮಾತುಕತೆಗೆ ಒಂದು, ಪುಟ ಕೇಳಲು ಒಂದು. ಪ್ರತಿ ಸುತ್ತಿಗೂ ಆ ಆರುನೂರು ಮಿಲಿಸೆಕೆಂಡ್. ವಿಡಿಯೊ ಶುರುವಾಗುವಾಗ ಒಮ್ಮೆ ತಡವರಿಸಿ, ಆಮೇಲೆ ಅಡೆತಡೆಯಿಲ್ಲದೆ ಓಡುತ್ತದೆ. ಮಿಂಚಂಚೆ, ಕಡತ, ಬ್ಯಾಂಕಿನ ಕೆಲಸ ಎಲ್ಲವೂ ಆರಾಮ. ಪ್ರಕಾಶನದವರು ಕೊಟ್ಟ ವಿಪಿಎನ್, ಅಂದರೆ ಅವರ ಜಾಲಕ್ಕೆ ಗುಟ್ಟಿನ ದಾರಿ ಮಾಡಿಕೊಡುವ ತಂತ್ರಾಂಶ, ಹಾಕಿದರೆ ಮಾತ್ರ ಎಲ್ಲ ತೆವಳುತ್ತದೆ. ಇದಕ್ಕೂ ಕಾರಣವಿದೆ. ಮಾಮೂಲಿ ಸಂಪರ್ಕದಲ್ಲಿ ‘ತಲುಪಿತು, ಮುಂದಿನದನ್ನು ಕಳಿಸು’ ಎಂಬ ಒಪ್ಪಿಗೆಯ ಸಂದೇಶವನ್ನು ಆ ತುದಿಯವರ ಪರವಾಗಿ ಮೋಡೆಮ್ ತಾನೇ ಮುಂಚಿತವಾಗಿ ಕೊಟ್ಟು ಕಾಯುವಿಕೆಯನ್ನು ಉಳಿಸುತ್ತಿರುತ್ತದೆ. ವಿಪಿಎನ್ ಎಲ್ಲವನ್ನೂ ಮುಚ್ಚಿದ ಲಕೋಟೆಯೊಳಗೆ ಹಾಕುವುದರಿಂದ ಮೋಡೆಮ್‌ಗೆ ಒಳಗೇನಿದೆ ಎಂದು ಕಾಣುವುದಿಲ್ಲ, ಅದರ ಜಾಣತನ ನಡೆಯುವುದಿಲ್ಲ. ಕಚೇರಿಯ ವಿಪಿಎನ್ ಬಿಟ್ಟು ಕೆಲಸವೇ ಇಲ್ಲ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಕರೆಗಳ ವಿಷಯ ಇನ್ನೂ ಮಜವಾಗಿದೆ. ದೂರವಾಣಿಯಲ್ಲಿ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, 400 ದಾಟಬಾರದು ಎನ್ನುತ್ತದೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ನಮ್ಮದು ಆ ಎರಡರ ನಡುವೆ ತೂಗಾಡುತ್ತದೆ. ಮೊದಮೊದಲು ಅಕ್ಕನೂ ನಾನೂ ಏಕಕಾಲಕ್ಕೆ ಬಾಯಿ ತೆರೆಯುತ್ತಿದ್ದೆವು, ಇಬ್ಬರೂ ಏಕಕಾಲಕ್ಕೆ ಸುಮ್ಮನಾಗುತ್ತಿದ್ದೆವು.

‘ನೀನು ಹೇಳು.’

‘ಇಲ್ಲ ಅಕ್ಕ, ನೀನೇ ಹೇಳು.’

ಆಮೇಲೆ ಇಬ್ಬರೂ ಹೇಳಲು ಹೊರಟು ಮತ್ತೆ ಡಿಕ್ಕಿ. ಒಂದು ದಿನ ಅಕ್ಕ ರೇಗಿ, ‘ನಿನ್ನ ಮಾತು ಮುಗಿಯಿತು ಎನ್ನುವುದಾದರೆ ಕೊನೆಗೆ ಅಕ್ಕ ಎನ್ನು. ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ’ ಎಂದಳು. ಈಗ ನಾನು ಅಕ್ಕ ಎಂದರೆ ಅವಳ ಸರದಿ, ಅವಳು ನನ್ನ ಹೆಸರು ಹೇಳಿದರೆ ನನ್ನ ಸರದಿ. ಜಗಳವಾಡುವಾಗ ಮಾತ್ರ ಈ ನಿಯಮ ನಿಲ್ಲುವುದಿಲ್ಲ. ಜಗಳಕ್ಕೆ ಈ ಕಕ್ಷೆ ಹೇಳಿ ಮಾಡಿಸಿದ್ದಲ್ಲ. ಇನ್ನು ಗುಂಡು ಹಾರಿಸುವ ಆಟಗಳನ್ನು ಆಡುವವರಿಗಂತೂ ಇದರ ಸಹವಾಸವೇ ಬೇಡ.

ಮಳೆ. ನನ್ನ ಸಂಪರ್ಕ ಕೆಎ ಬ್ಯಾಂಡ್ ಎಂಬ ತರಂಗಪಟ್ಟಿಯದು, ಕೆಳಗೆ ಬರುವುದು 20 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಮೇಲೆ ಹೋಗುವುದು 30ರ ಆಸುಪಾಸಿನಲ್ಲಿ. ಈ ಅಂಕಿ ಏರಿದಷ್ಟೂ ತರಂಗ ಚಿಕ್ಕದು, ತರಂಗ ಚಿಕ್ಕದಾದಷ್ಟೂ ಮಳೆಹನಿಗಳು ಅದನ್ನು ಹೆಚ್ಚು ಹೀರುತ್ತವೆ, ಚದುರಿಸುತ್ತವೆ. ಸಾಧಾರಣ ಮಳೆಗೆ ಸಂಪರ್ಕ ಕಡಿಯುವುದಿಲ್ಲ. ಸಿಗ್ನಲ್ ಕುಗ್ಗುತ್ತಿದ್ದಂತೆ ವ್ಯವಸ್ಥೆ ತಾನಾಗಿಯೇ ಹೆಚ್ಚು ಗಟ್ಟಿಯಾದ ಸಂಕೇತಕ್ರಮಕ್ಕೆ ಇಳಿಯುತ್ತದೆ, ಗದ್ದಲದ ನಡುವೆ ಒಂದೊಂದೇ ಪದ ಬಿಡಿಸಿ ಹೇಳಿದ ಹಾಗೆ. ವೇಗ ಇಳಿಯುತ್ತದೆ, ಕೆಲಸ ನಡೆಯುತ್ತದೆ. ಗುಡುಗಿನ ಜಡಿಮಳೆಗೆ ಮಾತ್ರ ಪೂರ್ತಿ ಹೋಗುತ್ತದೆ, ಮೋಡದ ದಪ್ಪ ಭಾಗ ಸರಿದ ಮೇಲೆ ಬರುತ್ತದೆ. ನನಗೆ ಸಿಟ್ಟು ಬರಿಸಿದ್ದು ಮಳೆಯಲ್ಲ. ಒಮ್ಮೆ ನಿಚ್ಚಳ ಬಿಸಿಲಿನಲ್ಲಿ ಸಂಪರ್ಕ ಕಡಿಯಿತು. ಸಹಾಯವಾಣಿಯವರು ಮೋಡೆಮ್ ಆರಿಸಿ ಹಚ್ಚಿ, ತಂತಿ ಬಿಚ್ಚಿ ಹಾಕಿ ಎಂದು ಕುಣಿಸಿದರು. ನಡೆದದ್ದೇನೆಂದರೆ ದೂರದ ಅವರ ಭೂನಿಲ್ದಾಣದ ಮೇಲೆ ಜೋರು ಮಳೆ. ಅಲ್ಲಿ ಮಳೆಯಾದರೂ ನಮಗೆ ಹೋಗುತ್ತದೆ. ಇದನ್ನು ಮೊದಲ ವಾಕ್ಯದಲ್ಲೇ ಹೇಳಬಹುದಿತ್ತು. ಬೇರೊಂದು ಊರಿನ ನಿಲ್ದಾಣಕ್ಕೆ ಕೆಲಸ ವರ್ಗಾಯಿಸುವ ಏರ್ಪಾಡನ್ನೂ ಮಾಡಿಕೊಳ್ಳಬಹುದು, ಎಷ್ಟೋ ಸಂಸ್ಥೆಗಳು ಮಾಡಿಕೊಂಡಿವೆ. ಸಹಾಯವಾಣಿಗೆ ಐದರಲ್ಲಿ ಒಂದು.

ಸೂರ್ಯನ ಕಾಟವೂ ಇದೆ. ಹಗಲು ಇರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸು ಕೆಲವು ದಿನ, ದಿನದ ಒಂದು ನಿಗದಿತ ಹೊತ್ತಿನಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಅವನ ರೇಡಿಯೊ ಗದ್ದಲದಲ್ಲಿ ಉಪಗ್ರಹದ ಸಿಗ್ನಲ್ ಮುಳುಗಿ, ಕೆಲವು ನಿಮಿಷ ಸಂಪರ್ಕ ಹದಗೆಡುತ್ತದೆ. ಉತ್ತರಾರ್ಧಗೋಳದವರಿಗೆ ಇದು ಮಾರ್ಚಿನ ಸಮದಿನಕ್ಕೆ ಮುಂಚೆ, ಸೆಪ್ಟೆಂಬರಿನದಕ್ಕೆ ಆಮೇಲೆ, ದಕ್ಷಿಣದವರಿಗೆ ತಿರುವುಮುರುವು. ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಮುಂಚಿತವಾಗಿಯೇ ಹೇಳಬಹುದಾದ್ದರಿಂದ ಕಂಪನಿ ಸಂದೇಶ ಕಳಿಸುತ್ತದೆ. ಕಾಟ ಎಂದೆನಾದರೂ ಇದರಿಂದ ಒಂದು ಉಪಕಾರವನ್ನು ಆ ಅಳವಡಿಕೆಯ ಹುಡುಗ ಹೇಳಿಕೊಟ್ಟಿದ್ದಾನೆ. ಆ ನಿಮಿಷಗಳಲ್ಲಿ ಹೊರಗೆ ಹೋಗಿ ಡಿಶ್ ಮೇಲೆ ಬಿಸಿಲು ಪೂರ್ತಿ ಬಿದ್ದಿದೆಯೇ ನೋಡಬೇಕು. ಸೂರ್ಯ, ಉಪಗ್ರಹ, ಡಿಶ್ ಮೂರೂ ಒಂದೇ ಗೆರೆಯಲ್ಲಿರುವ ಹೊತ್ತು ಅದು. ಡಿಶ್ ಮೇಲೆ ಎಲೆಯ ನೆರಳು ಬಿದ್ದಿದ್ದರೆ ಯಾವ ಕೊಂಬೆ ಅಡ್ಡ ಬರುತ್ತಿದೆ ಎಂದು ಖಚಿತವಾಗಿ ತಿಳಿಯುತ್ತದೆ. ಈ ಬಾರಿ ಬಲಮೂಲೆಯಲ್ಲಿ ಅಂಗೈಯಗಲದ ನೆರಳು ಕಂಡಿತು. ಒಂದೇ ಕೊಂಬೆ ಸವರಿಸಿದೆ, ಮೀಟರಿನ ಅಂಕಿ ಏರಿತು. ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ಯಾವ ಆ್ಯಪ್‌ನಲ್ಲಿಯೂ ಸಿಗುವುದಿಲ್ಲ.

ಡೇಟಾ ಮಿತಿ ಇದರ ನಿಜವಾದ ಹುಳುಕು. ‘ಅನಿಯಮಿತ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಇಷ್ಟು ಬಳಸಿದ ಮೇಲೆ ವೇಗ ಇಳಿಸುತ್ತೇವೆ ಎಂದು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಒಂದು ಕಿರಣದಡಿಯಲ್ಲಿರುವ ಗ್ರಾಹಕರೆಲ್ಲ ಅದರ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು, ಮಿತಿ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಕರಡು ತಿದ್ದುವವಳ ಕಣ್ಣಿಗೆ ಸಣ್ಣ ಅಕ್ಷರವೇ ಮೊದಲು ಬೀಳುತ್ತದೆ. ನಡುರಾತ್ರಿಯಿಂದ ಬೆಳಗಿನವರೆಗಿನ ಬಳಕೆ ಲೆಕ್ಕಕ್ಕಿಲ್ಲ ಎಂಬ ಸೌಲಭ್ಯ ನನ್ನ ಯೋಜನೆಯಲ್ಲಿದೆ, ಅದು ನಿಜಕ್ಕೂ ಒಳ್ಳೆಯದು. ಸಾಫ್ಟ್‌ವೇರ್ ನವೀಕರಣಗಳನ್ನೆಲ್ಲ ಆ ಹೊತ್ತಿಗೆ ನಿಗದಿ ಮಾಡಿ ಮಲಗುತ್ತೇನೆ.

ಇದೇ ಗೋಡೆಯ ಮೇಲೆ ಟಿವಿಯ ಡಿಶ್ಶೂ ಇದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ದೂರಲು ಏನೂ ಇಲ್ಲ. ಒಮ್ಮುಖ ಪ್ರಸಾರಕ್ಕೆ ವಿಳಂಬ ಲೆಕ್ಕಕ್ಕೇ ಬರುವುದಿಲ್ಲ, ನೋಡುವವರು ಹತ್ತಾದರೂ ಹತ್ತು ಲಕ್ಷವಾದರೂ ಉಪಗ್ರಹಕ್ಕೆ ಅದೇ ಹೊರೆ. 1964ರ ಟೋಕಿಯೊ ಒಲಿಂಪಿಕ್ಸ್ ದೃಶ್ಯಗಳನ್ನು ಪೆಸಿಫಿಕ್ ದಾಟಿಸಿದ ಸಿಂಕಾಮ್-3 ಮೊದಲ ಭೂಸ್ಥಿರ ಉಪಗ್ರಹ. ಅಂದಿನಿಂದಲೂ ಈ ಕಕ್ಷೆಗೆ ಟಿವಿ ಒಗ್ಗಿದಷ್ಟು ಬೇರೇನೂ ಒಗ್ಗಿಲ್ಲ.

ಟಿವಿಗಿಂತಲೂ ನಾನು ಹೆಚ್ಚು ನೋಡುವುದು ಹವಾಮಾನ ಉಪಗ್ರಹಗಳ ಚಿತ್ರಗಳನ್ನು. ಈ ಕಕ್ಷೆಯ ಅತ್ಯುತ್ತಮ ಸೇವೆ ಯಾವುದೆಂದು ಕೇಳಿದರೆ ಇಂಟರ್ನೆಟ್ ಎನ್ನುವುದಿಲ್ಲ, ಇದನ್ನೇ ಹೇಳುತ್ತೇನೆ. ಜಪಾನಿನ ಹಿಮಾವರಿ ತನ್ನ ಎದುರಿನ ಭೂಮಿಯ ಪೂರ್ತಿ ಮುಖವನ್ನು ಹತ್ತು ನಿಮಿಷಕ್ಕೊಮ್ಮೆ ತೆಗೆಯುತ್ತದೆ. ಅಮೆರಿಕದ ಗೋಸ್, ಯುರೋಪಿನ ಮೆಟಿಯೊಸ್ಯಾಟ್, ಭಾರತದ ಇನ್ಸಾಟ್ ತಮ್ಮ ತಮ್ಮ ಪಾಲಿನ ಭಾಗವನ್ನು ಕಾಯುತ್ತವೆ. ಒಂದೇ ಜಾಗದಿಂದ ಎವೆಯಿಕ್ಕದೆ ನೋಡುವುದರಿಂದಲೇ ಮೋಡ ಹುಟ್ಟುವುದು, ಚಂಡಮಾರುತದ ಕಣ್ಣು ಬಿಚ್ಚುವುದು ಚಲನಚಿತ್ರದಂತೆ ಕಾಣುತ್ತದೆ. 2022ರ ಜನವರಿ 15ರಂದು ಟೊಂಗಾ ಬಳಿ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದಾಗ ಅದರ ಹೊಗೆಬೂದಿ ಸುಮಾರು 57 ಕಿ.ಮೀ. ಎತ್ತರಕ್ಕೆ ಏರಿತ್ತು. ಬೇರೆ ಬೇರೆ ಸ್ಥಾನಗಳಲ್ಲಿದ್ದ ಭೂಸ್ಥಿರ ಉಪಗ್ರಹಗಳು ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ ಆ ಎತ್ತರ ಅಳೆದರು. ಧ್ರುವಗಳ ಕಡೆಯವರಿಗೆ ಮಾತ್ರ ಈ ಭಾಗ್ಯವಿಲ್ಲ. 81 ಡಿಗ್ರಿ ಅಕ್ಷಾಂಶ ದಾಟಿದರೆ ಈ ಉಪಗ್ರಹಗಳು ದಿಗಂತದ ಕೆಳಗೆ ಮುಳುಗುತ್ತವೆ. ಅದಕ್ಕೆ ಸಾಕಷ್ಟು ಮುಂಚೆಯೇ ನೋಟ ಓರೆಯಾಗಿ ಕೆಟ್ಟಿರುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಉಪಗ್ರಹದ ವಯಸ್ಸೆಷ್ಟು? ಅದನ್ನು ಯಾರೂ ಕೇಳುವುದಿಲ್ಲ, ಮಾರುವವರು ತಾವಾಗಿ ಹೇಳುವುದೂ ಇಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹದ ಕಕ್ಷೆ ವರ್ಷಕ್ಕೆ ಒಂದು ಡಿಗ್ರಿಯ ಆಸುಪಾಸು ವಾಲುತ್ತ ಹೋಗುತ್ತದೆ. ಆಗಾಗ ಇಂಧನ ಉರಿಸಿ ಅದನ್ನು ಜಾಗಕ್ಕೆ ತಳ್ಳುತ್ತಿರಬೇಕು. ಇಂಧನ ಮುಗಿದರೆ ಯಂತ್ರಗಳೆಲ್ಲ ಚೆನ್ನಾಗಿದ್ದರೂ ಆಟ ಮುಗಿಯಿತು. ಸಾಮಾನ್ಯವಾಗಿ 15 ವರ್ಷಕ್ಕೆಂದು ವಿನ್ಯಾಸ ಮಾಡಿರುತ್ತಾರೆ. ಕೊನೆಯ ಇಂಧನದಲ್ಲಿ ಅದನ್ನು ಸುಮಾರು 300 ಕಿ.ಮೀ. ಮೇಲಕ್ಕೆ ದೂಡಿ ದಾರಿ ಬಿಟ್ಟುಕೊಡಬೇಕೆಂಬುದು ರೂಢಿ. 2020ರಲ್ಲಿ ಎಂಇವಿ-1 ಎಂಬ ನೌಕೆ ಇಂಟೆಲ್‌ಸ್ಯಾಟ್ 901 ಎಂಬ ಹಳೆಯ ಉಪಗ್ರಹಕ್ಕೆ ಹೋಗಿ ಅಂಟಿಕೊಂಡು, ತನ್ನ ಎಂಜಿನ್ನಿನಿಂದ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದುಂಟು. ಅದು ಅಪರೂಪದ ಮಾತು, ಅದನ್ನು ನಂಬಿ ದೀರ್ಘ ಒಪ್ಪಂದ ಮಾಡಿಕೊಳ್ಳಬೇಡಿ.

ನನ್ನ ಉಪಗ್ರಹಕ್ಕೂ ವಯಸ್ಸಾಗಿದೆ. ಮುಂದೆ ಗ್ರಾಹಕರನ್ನು ಬೇರೆ ಸ್ಥಾನದ ಹೊಸ ಉಪಗ್ರಹಕ್ಕೆ ವರ್ಗಾಯಿಸುತ್ತೇವೆ, ಡಿಶ್ ತಿರುಗಿಸಿಕೊಡುತ್ತೇವೆ ಎಂದಿದ್ದಾರೆ. ಹೊಸ ಸ್ಥಾನ ನನ್ನ ಎರಡು ಮರಗಳ ಸಂದಿನಲ್ಲಿ ಬೀಳುತ್ತದೆಯೇ ಎಂದು ಪತ್ರ ಬರೆದು ಕೇಳಿದ್ದೇನೆ. ಬೀಳದಿದ್ದರೆ ದಂಡವಿಲ್ಲದೆ ಒಪ್ಪಂದ ಬಿಡಿಸಿಕೊಳ್ಳುವ ಹಕ್ಕು ಬೇಕೆಂದೂ ಕೇಳಿದ್ದೇನೆ. ಲಿಖಿತ ಉತ್ತರ ಬರುವವರೆಗೆ ಒಟ್ಟು ಸೇವೆಗೆ ಐದರಲ್ಲಿ ಮೂರೂವರೆ. ಆ ಅಳವಡಿಕೆಯ ಹುಡುಗನನ್ನೇ ಮತ್ತೆ ಕಳಿಸುವುದಾದರೆ ನಾಲ್ಕು.